ಕೈಬಿಡುವ ಕೆಲಸ

ಎತ್ತರ ಎರಡು ಮೀಟರ್. ಕೆಳಗೆ ಕಾಂಕ್ರೀಟು.
ಬಿಡಬೇಕು, ಅಷ್ಟೇ.
ಕುರಾಮೊಚಿ ಐಸಾಕು ಬಿಡುತ್ತಿಲ್ಲ.

ಸುವಾ ಸರೋವರದ ದಂಡೆಯ ಈ ಕಾರ್ಖಾನೆಯಲ್ಲಿ
ಮೂವತ್ತೆಂಟು ವರ್ಷ
ಗಾಜಿನ ಕಣ್ಣಲ್ಲಿ ಕಣ್ಣಿಟ್ಟು ಧೂಳು ಹುಡುಕಿದವರು,
ಮಸೂರಕ್ಕೆ ತಾಗೀತೆಂದು
ಉಸಿರನ್ನೇ ಅರ್ಧ ಮಾಡಿಕೊಂಡವರು.
ಮೊದಲ ಮಗುವನ್ನೆತ್ತಿಕೊಳ್ಳುವ ಮುನ್ನ
ಜೇಬಿನಲ್ಲಿ ಬಿಳಿ ಕೈಗವುಸು ತಡಕಿದರಂತೆ;
ಕ್ಯಾಂಟೀನಿನಲ್ಲಿ ಹಳಬರು ಈಗಲೂ ನಗುತ್ತಾರೆ.
ಅವರು ಅಲ್ಲಗಳೆದದ್ದಿಲ್ಲ.

ಜನಕ್ಕೀಗ ಫೋನು ಸಾಕು.
ಹೆಲ್ಮೆಟ್ಟಿಗೆ ಅಂಟಿಸಿಕೊಂಡು ಬೆಟ್ಟದಿಂದ ಸೈಕಲ್ ಇಳಿಸುವವರಿಗೆ,
ಅಲೆಯ ಹೊಟ್ಟೆಯೊಳಗೆ ಹಲಗೆ ತೂರಿಸುವವರಿಗೆ
ಬೇರೆ ಯಾರೋ ಹತ್ತು ವರ್ಷದಿಂದ
ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಮಾರಿ ದುಡ್ಡೆಣಿಸುತ್ತಿದ್ದಾರೆ.
ಟೋಕಿಯೋ ಕಚೇರಿಯಿಂದ ಬಂದ ನೆಝು
ಪರದೆಯ ಮೇಲೆ ಇಳಿಯುವ ಗೆರೆಯೊಂದನ್ನು ತೋರಿಸಿ ಹೇಳಿದ:
‘ತಡವಾಗಿದೆ, ಒಪ್ಪುತ್ತೇನೆ.
ಆದರೆ ನಮ್ಮ ಹೆಸರಿಗೆ ತೊಂಬತ್ತು ವರ್ಷದ ತೂಕವಿದೆ.’
ತೂಕವಿದ್ದದ್ದು ಬೇಗ ಬೀಳುತ್ತದೆ ಎಂದು
ಹಿಂದಿನ ಸಾಲಿನಿಂದ ಯಾರೋ ಗೊಣಗಿದರು.

ಹೀಗೆ ಹುಟ್ಟಿತು ಈ ರಬ್ಬರು ಅಂಗಿಯ ಪೋರ.
ಕಣ್ಣಿಗೊತ್ತಿಕೊಳ್ಳಲು ಕಿಂಡಿಯಿಲ್ಲ,
ತಿರುಗಿಸಲು ಉಂಗುರವಿಲ್ಲ,
ನೋಡುವವನು ಬೇಡವೇ ಬೇಡ; ತಾನೇ ನೋಡಿಕೊಳ್ಳುತ್ತದೆ.
ಗುಂಡಿ ಒತ್ತಿದರೆ ಮಾತ್ರ
ಒಳಗಿನ ಪುಟ್ಟ ಸ್ಪೀಕರು ‘ಕಚಕ್’ ಅನ್ನುತ್ತದೆ.
ಮೊದಲ ಸಲ ಕೇಳಿದಾಗ ಕುರಾಮೊಚಿ ತಲೆಯೆತ್ತಿದರು:
‘ಇದು ಎಪ್ಪತ್ತೊಂದರ ಮಾದರಿಯ ಪರದೆಯ ಸದ್ದು.
ಎಡಗಡೆಯ ಸ್ಪ್ರಿಂಗು ಸ್ವಲ್ಪ ಬಿಗಿ.’
ನೆಝು ಬೆರಗಾದ. ಹೌದಂತೆ,
ಮ್ಯೂಸಿಯಮ್ಮಿನ ಗಾಜುಪೆಟ್ಟಿಗೆ ತೆರೆಸಿ
ಧ್ವನಿಮುದ್ರಿಸಿಕೊಂಡದ್ದಂತೆ.
ಸತ್ತ ಅಜ್ಜನ ಕೆಮ್ಮನ್ನು
ಮೊಮ್ಮಗನ ಗಂಟಲಿಗೆ ಇಟ್ಟ ಹಾಗೆ.

ನಾನು ಬರೆದುಕೊಳ್ಳುವವಳು. ಕೈಯಲ್ಲಿ ಪಟ್ಟಿ:
ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ,
ಒಟ್ಟು ಇಪ್ಪತ್ತಾರು ಸಲ ಬೀಳಬೇಕು.
ಯಂತ್ರ ಇನ್ನೂ ಬಂದಿಲ್ಲ,
ಕೈಯಿಂದಲೇ ಬಿಡಿಸಿ ಎಂದು ಮೇಲಿನವರು.
ನಿವೃತ್ತಿಗೆ ಹನ್ನೊಂದು ವಾರ ಉಳಿದವರಿಗೆ
ಬೇರೇನು ಕೆಲಸ ಕೊಡುವುದೆಂದು
ಯಾರಿಗೂ ತೋಚಿರಲಿಲ್ಲವೇನೋ.

‘ಬಿಡಿ ಸರ್.’
ಏಣಿಯ ಮೇಲೆ ಅವರು, ಚಾಚಿದ ತೋಳು,
ಬೆರಳು ಐದೂ ಒಂದೊಂದೇ ಸಡಿಲಗೊಂಡು
ಹೆಬ್ಬೆರಳು ಮತ್ತೆ ಮುಚ್ಚಿತು.
‘ಕ್ಷಮಿಸು ಮಗಳೇ. ಕೈಗೆ ಗೊತ್ತಾಗುತ್ತಿಲ್ಲ.’
ಕಿಟಕಿಯಾಚೆ ಸರೋವರದ ಮಂಜುಗಡ್ಡೆ
ರಾತ್ರಿಯ ಚಳಿಗೆ ಎಲ್ಲೋ ಬಿರಿದು ಗುಡುಗಿತು.
ಅದೇ ಬೆಚ್ಚಿಗೆ ಬಿಟ್ಟರೋ,
ಅದನ್ನೇ ನೆಪ ಮಾಡಿಕೊಂಡರೋ.

ಬಿತ್ತು. ಪುಟಿಯಿತು. ನನ್ನ ಬೂಟಿನ ಬಳಿ ಬಂದು
ಕೆಂಪು ದೀಪ ಮಿಟುಕಿಸಿತು.
ಏನೂ ಆಗಿರಲಿಲ್ಲ.
ಅದನ್ನು ಕಂಡು ಅವರ ಮುಖದಲ್ಲಿ ಮೂಡಿದ್ದು
ಸಮಾಧಾನವಲ್ಲ; ಅದಕ್ಕೆ ನನ್ನಲ್ಲಿ ಪದವಿಲ್ಲ.
ಆಮೇಲೆ ಇಪ್ಪತ್ತೈದು ಸಲ,
ಸಂಜೆ ಐದೂವರೆಯವರೆಗೆ.

ರಾತ್ರಿ ಒಬ್ಬಳೇ ಕೂತು ನೋಡಿದೆ,
ಬೀಳುತ್ತ ಅದು ಕಂಡದ್ದನ್ನೆಲ್ಲ, ಚೌಕಟ್ಟು ಚೌಕಟ್ಟಾಗಿ:
ತಾರಸಿ, ಕೊಳವೆ ದೀಪ, ತಲೆಕೆಳಗಾದ ನಾನು,
ದೂರವಾಗುವ ಒಂದು ಮುಖ,
ಮತ್ತು ಆ ಕೈ.
ಬಿಟ್ಟ ಮೇಲೂ ಅದು ಅಲ್ಲಿ ನಿಂತಿರಲಿಲ್ಲ.
ಬಿದ್ದದ್ದರ ಹಿಂದೆಯೇ, ಅಂಗೈ ಬಿಚ್ಚಿಕೊಂಡು,
ಹಿಡಿಯಲಾಗದೆಂದು ಬಲ್ಲ ವೇಗದಲ್ಲಿ
ಕೆಳಗೆ ಬರುತ್ತಿತ್ತು.
ಮೊದಲನೆಯದರಲ್ಲೂ. ಹದಿಮೂರನೆಯದರಲ್ಲೂ.
ಕೊನೆಯದರಲ್ಲಿ ಏಣಿಯೇ ಅಲುಗಿತ್ತು.

ವರದಿಯಲ್ಲಿ ಬರೆದೆ: ಇಪ್ಪತ್ತಾರಕ್ಕೆ ಇಪ್ಪತ್ತಾರು ಪಾಸು.
ನೀರು ಇಂಗಿಲ್ಲ, ಗಾಜು ಸೀಳಿಲ್ಲ.
ಷರಾ ಕಲಮಿನಲ್ಲಿ:
‘ಪರೀಕ್ಷಕರ ಕೈ ಪದೇ ಪದೇ ಚಿತ್ರದೊಳಗೆ ಬರುತ್ತದೆ.’
ಮುಂದಿನ ಸಲ ಸರಿಪಡಿಸುವುದು
ಎಂದು ಸೇರಿಸಿ,
ಹೊಡೆದುಹಾಕಿದೆ.