ಬಿದ್ದುಹೋಗುವ ಹಲ್ಲು ತಾನೇ

ಗ್ರೀನಕ್ಕಿನ ಬಾಯಿಗಳೆಲ್ಲ ನನ್ನ ಕಪಾಟಿನಲ್ಲಿವೆ,
ಪ್ಲಾಸ್ಟರಿನಲ್ಲಿ, ಪೆನ್ಸಿಲಿನಿಂದ ಬರೆದ ಹೆಸರು ಹೊತ್ತು.
ಬೇಕರಿಯವನದು, ಇಬ್ಬರು ಪಾದ್ರಿಗಳದು,
ಹಡಗುಕಟ್ಟೆಯ ವೆಲ್ಡರುಗಳದೇ ಒಂದು ಸಾಲು.
ಹಲ್ಲು ಕಟ್ಟುವವನ ಮುಂದೆ ಯಾರೂ ಬಿಗುಮಾನ ಮಾಡುವುದಿಲ್ಲ;
ಬಾಯಿ ತೆರೆದ ಮೇಲೆ ಇನ್ನೇನು ಉಳಿಯಿತು?

ತಳದ ಹಲಗೆಯಲ್ಲಿ, ಧೂಳು ಹಿಡಿದು:
ಇಷ್ಬೆಲ್ ಲಮಾಂಟ್, ೧೯೫೧.
ಒಂದೂ ಹಲ್ಲಿಲ್ಲದ ಅಚ್ಚು. ವಯಸ್ಸು ಹತ್ತೊಂಬತ್ತು.
ನನ್ನ ಗುರುವಿನ ಕೈಕೆಲಸ.
ಮದುವೆಗೆ ಮುಂಚೆ ಇದ್ದಬದ್ದದ್ದೆಲ್ಲ ಕೀಳಿಸಿ
ಹೊಸ ಜೋಡಿ ಕಟ್ಟಿಸಿಕೊಟ್ಟಿದ್ದ ಅಪ್ಪ,
ಅಳಿಯನ ಮೇಲೆ ಖರ್ಚು ಬೀಳಬಾರದೆಂದು.
ಅದು ಆಗಿನ ಉಡುಗೊರೆ. ಯಾರೂ ಅತ್ತಂತಿಲ್ಲ.
“ನನ್ನ ಗಂಡನಿಗಿಂತ ಹೆಚ್ಚು ಬಾಳಿಕೆ ಬಂತು” ಎನ್ನುತ್ತಿದ್ದಳು ಮುದುಕಿ,
ಕೆಳಗಿನದನ್ನು ನಾಲಗೆಯಲ್ಲಿ ಟಕ್ಕೆಂದು ಎತ್ತಿ ತೋರಿಸಿ.

ಅವಳು ದುಡಿದದ್ದು ಗುಡ್ಡದ ಮೇಲಿನ ಸಕ್ಕರೆ ಕಾರ್ಖಾನೆಯಲ್ಲಿ.
ಹಡಗಿನಿಂದ ಕಂದಾಗಿ ಇಳಿದದ್ದು
ಬೆಳ್ಳಗಾಗಿ ಹೊರಡುತ್ತಿತ್ತು,
ಊರಿಗೆ ಊರೇ ಕಾಕಂಬಿಯ ವಾಸನೆ.
ಸಂಜೆ ಏಪ್ರನ್ ಕೊಡವಿದರೆ
ಮಕ್ಕಳು ನೆಲ ನೆಕ್ಕುತ್ತಿದ್ದವಂತೆ. ಇರಬಹುದು; ಅವಳು ಕತೆಗಾರ್ತಿ.
ಇಷ್ಟು ಮಾತ್ರ ನಿಜ: ಮಗಳು ರೋನಾ
ಮಲಗುತ್ತಿದ್ದದ್ದು ಸಿಹಿ ಚಹಾದ ಸೀಸೆ ಬಾಯಲ್ಲಿಟ್ಟುಕೊಂಡೇ.
ಮೂರು ತುಂಬುವಾಗ ಮುಂದಿನ ನಾಲ್ಕೂ ಸುಟ್ಟ ಬೆಂಕಿಕಡ್ಡಿ.
“ಬಿದ್ದುಹೋಗುವ ಹಲ್ಲು ತಾನೇ” ಅಂದಿತು ಕೇರಿ.
“ಬಿದ್ದುಹೋಗುವ ಹಲ್ಲು ತಾನೇ” ಅಂದರು ಡಾಕ್ಟರೂ,
ದವಡೆಯವನ್ನೂ ಸೇರಿಸಿ ಕಿತ್ತು ತಟ್ಟೆಗೆ ಹಾಕುತ್ತ.

ನಾನೂ ರೋನಾಳೂ ಒಂದೇ ತರಗತಿ.
ಶಾಲೆಯ ಫೋಟೋದಲ್ಲಿ ತುಟಿ ಹೊಲಿದುಕೊಂಡವಳು ಅವಳೇ.
ನಕ್ಕರೆ ಅಂಗೈ ಬಾಯಿಗೆ ಹೋಗುತ್ತಿತ್ತು
ಸೀನು ಬಂದವರ ಹಾಗೆ.
ಇವತ್ತಿಗೂ ಹೋಗುತ್ತದೆ,
ನಾನೇ ಕಟ್ಟಿಕೊಟ್ಟ ಇಪ್ಪತ್ತೆಂಟು ನೆಟ್ಟಗಿನ ಹಲ್ಲಿದ್ದರೂ.
ಕೈಗೆ ಯಾರೂ ಹೇಳಿಲ್ಲ.

ಹಾಲುಹಲ್ಲೆಂದರೆ ಏನೆಂದು ನನಗೂ ತಿಳಿದದ್ದು ತಡವಾಗಿ.
ಡನೂನಿಗೆ ಹೋಗುವ ಫೆರಿಯಲ್ಲಿ
ಬೆಂಚಿನ ಮೇಲೆ ಶಾಲು ಹಾಸಿ ಜಾಗ ಹಿಡಿದವರು,
ಬರಬೇಕಾದವರು ಬರುವತನಕ ಏಳದವರು ಇರುತ್ತಾರಲ್ಲ, ಅದು.
ಶಾಲು ಕಿತ್ತೆಸೆದರೆ ಪಕ್ಕದವರು ಸರಿದುಬಿಡುತ್ತಾರೆ,
ಬಂದವರು ನಿಂತೇ ಸಾಗಬೇಕು,
ಓರೆಯಾಗಿ, ಕಂಬಿ ಹಿಡಿದು.
ಆರನೆಯ ವರ್ಷದ ದವಡೆಹಲ್ಲಂತೂ
ಯಾರನ್ನೂ ಎಬ್ಬಿಸುವುದಿಲ್ಲ,
ಎಲ್ಲರ ಹಿಂದೆ, ಸದ್ದಿಲ್ಲದೆ ಬಂದು ಕೂರುತ್ತದೆ.
ಇದೂ ಬೀಳುವುದೇ ಅಂದುಕೊಳ್ಳುತ್ತಾರೆ ಮನೆಯವರು.
ರೋನಾಳದು ಒಂಬತ್ತಕ್ಕೆ ಕೊಳೆತಿತ್ತು.
ಎಪ್ಪತ್ತು ವರ್ಷ ಇರಲೆಂದು ಬಂದದ್ದು.

ಕಳೆದ ಮಾರ್ಚಿನಲ್ಲಿ ಮೊಮ್ಮಗಳು ಮಿರೆನ್‌ಳನ್ನು ಕರೆದುಕೊಂಡು
ಅಂಗಡಿಗೆ ಬಂದಳು, ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ.
“ಇದೇನು ಹೀಗೆ?”
ಕಿಟಕಿಗೆ ಹಿಡಿದೆ. ಆಚೆ ಕ್ಲೈಡ್ ನದಿ, ಮಂಜು;
ಈಚೆ ಐದು ವರ್ಷದ ದವಡೆ:
ಹಲ್ಲಿನ ಕೆಳಗೆ ಹಲ್ಲು, ಹಲ್ಲಿನ ಮೇಲೆ ಹಲ್ಲು,
ಕಣ್ಣುಗೂಡಿನ ಹತ್ತಿರದವರೆಗೂ ಇಕ್ಕಟ್ಟಾಗಿ ಕಾದವು,
ಇನ್ನೂ ಬೇರಿಲ್ಲ, ಬರೀ ಬಿಳಿ ಟೋಪಿಗಳು.
“ಎಲ್ಲರಿಗೂ ಹೀಗೇನಾ?”
ಹೂಂ.
“ನನಗೂ ಇತ್ತಾ, ಆಗ?”
ಇತ್ತು, ಅಂದೆ.

ಬೆರಳಿಟ್ಟು ಎಣಿಸತೊಡಗಿದಳು,
ಹದಿನೇಳರಲ್ಲಿ ತಪ್ಪಿ, ಮತ್ತೆ ಮೊದಲಿಂದ.
ಸೀಸೆ ಕೊಟ್ಟ ಕೈಯನ್ನು ಬೈಯಬಹುದಿತ್ತು.
ಬೈಯಲಿಲ್ಲ. ರಾತ್ರಿಪಾಳಿಯ ತಾಯಿಗೆ
ಮಗು ಮಲಗಿದ ಒಂದು ಗಂಟೆಯೂ ಸಕ್ಕರೆಯೇ.

ಅಷ್ಟರಲ್ಲಿ ಹಿಂದಿನಿಂದ ಕರುಂ ಎಂದಿತು.
ಮಿರೆನ್ ಸೇಬು ಕಚ್ಚಿದ್ದಳು.
ರೋನಾ ತಟ್ಟನೆ ತಿರುಗಿದಳು, ಯಾರೋ ಹೆಸರು ಕರೆದಂತೆ.
ಮನೆಯಲ್ಲಿ ಅವಳು ಸೇಬನ್ನು
ಕಾಗದದಷ್ಟು ತೆಳ್ಳಗೆ ಹೆಚ್ಚಿಕೊಳ್ಳುತ್ತಾಳೆ.

ಅರ್ಧ ತಿಂದದ್ದು ನನ್ನ ಮೇಜಿನ ಮೇಲೇ ಉಳಿಯಿತು.
ಅವರು ಹೋದ ಮೇಲೆ ದೀಪದಡಿ ಹಿಡಿದು ಓದಿದೆ:
ಮೇಲೆ ನಾಲ್ಕು, ಕೆಳಗೆ ನಾಲ್ಕು,
ನಡುನಡುವೆ ಇರಬೇಕಾದಷ್ಟೇ ಸಂದು.
ಇದಕ್ಕಿಂತ ಒಳ್ಳೆ ಅಚ್ಚು ನಲವತ್ತು ವರ್ಷದಲ್ಲಿ ತೆಗೆದಿಲ್ಲ.
ಪ್ಲಾಸ್ಟರ್ ಕಲಸಲು ಕೈ ಹೋಯಿತು, ಬಟ್ಟಲು ತಡವಿತು.
ಬಿಟ್ಟೆ.
ಸಂಜೆಯೊಳಗೆ ಕಂದುಬಣ್ಣಕ್ಕೆ ತಿರುಗಿತು.