ವಾಸನೆಯ ವಿಚಾರಣೆ

ಮೊದಲು ಸಂಶಯ ಬಂದದ್ದು ಮೀನಿನ ಮೇಲೆ.
ಮತ್ರಾದಿಂದ ಶುಕ್ರವಾರ ತಂದ ಬಂಗುಡೆ
ಫ್ರಿಜ್ಜಿನಲ್ಲಿ ತನ್ನ ಪಾಡಿಗೆ ತಾನು ಮಲಗಿತ್ತು.
ಎತ್ತಿ ಮೂಸಿದೆ. ನಿರಪರಾಧಿ.

ಆಮೇಲೆ ಸಿಂಕಿನ ಕೆಳಗಿನ ಕಸದ ಡಬ್ಬಿ.
ಆಮೇಲೆ ನಾನ್ನೂರು ಬೈಸೆಗೆ ತಂದ ಆರು ಮೊಟ್ಟೆ.
ಒಂದೊಂದನ್ನೂ ನೀರಿಗಿಳಿಸಿ ನೋಡಿದೆ,
ತೇಲಲಿಲ್ಲ ಯಾವುದೂ.
ತೇಲಿ ಬಂದದ್ದು ವಾಸನೆ, ಆ ನೀರಿನಿಂದಲೇ.
ಕೊಳೆತ ಮೊಟ್ಟೆಯಂತೆ ನಾರುವ ನೀರಲ್ಲಿ
ಒಳ್ಳೆಯ ಮೊಟ್ಟೆಗಳು
ಬೈಸಿಕೊಂಡ ಮಕ್ಕಳ ಹಾಗೆ ತಳದಲ್ಲಿ ಕೂತಿದ್ದವು.

ಹಮ್ರಿಯಾದ ಈ ಕಟ್ಟಡ ನನಗಿಂತ ಎರಡು ವರ್ಷ ಹಿರಿದು.
ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ.
ಹನ್ನೆರಡೂವರೆಗೆ ಹನ್ನೊಂದು ಬುತ್ತಿ ಇಳಿಯಬೇಕು:
ವೆಲ್ಡಿಂಗಿನವರು, ಟೈಲರ್ ಅಂಗಡಿಯ ಮೂವರು,
ಅನ್ನ ಬೇಡ ಚಪಾತಿ ಸಾಕು ಎನ್ನುವ ಒಬ್ಬ ದಂತವೈದ್ಯ.
ಟೈಲರ್ ಲೋಕಯ್ಯ ಫೋನು ಮಾಡಿದರು:
"ಅಕ್ಕಾ, ಇವತ್ತು ಅನ್ನಕ್ಕೇನಾದರೂ ಹೊಸ ಮಸಾಲೆಯಾ?"
ಸಿಟ್ಟಿಲ್ಲದ ಮಾತು. ಅದೇ ಚುಚ್ಚಿದ್ದು.

ಗಂಡ ಬಂದವರು ಮೊದಲು ನಕ್ಕರು.
ಟ್ಯಾಂಕರ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದು;
ಯಾವ ನೀಲಿ ಗಾಡಿ ಯಾವ ವಿಲ್ಲಾಕ್ಕೆ ಎಷ್ಟು ಗ್ಯಾಲನ್,
ಎಲ್ಲ ಬಾಯಿಪಾಠ.
ಊರಿಗೆಲ್ಲ ನೀರು ಬರೆಯುವವರ ಮನೆಯ
ಬಚ್ಚಲು ಗಬ್ಬು.
"ಇದನ್ನು ಯಾರ ಖಾತೆಗೆ ಹಾಕಲಿ?" ಎಂದರು.
ನಾನು ನಗಲಿಲ್ಲ.

ವಾಚ್‌ಮನ್ ಗುಲ್ ಜಮಾನ್ ತಾರಸಿ ಹತ್ತಿ ಇಳಿದ.
ಮುಚ್ಚಳ ಭದ್ರ, ಪಾರಿವಾಳ ಬಿದ್ದಿಲ್ಲ
ಎಂದು ಎದೆ ಮುಟ್ಟಿ ಹೇಳಿದ.
ಮೇಲಿನ ಮನೆಯ ಉಮ್ಮು ಬಸ್ಸಾಂ
ತನ್ನ ನಲ್ಲಿಯ ನೀರನ್ನು ಗಾಜಿನ ಲೋಟದಲ್ಲಿ ತಂದು
ನನ್ನ ಮೂಗಿಗೇ ಹಿಡಿದಳು. ಏನೂ ಇಲ್ಲ,
ಬರೀ ಬಿಸಿ.
ಹಾಗಾದರೆ ಕಳ್ಳ ನಮ್ಮ ಮನೆಯೊಳಗೇ.

ಎರಡು ಲೋಟ ತೆಗೆದೆ.
ಒಂದಕ್ಕೆ ನೀಲಿ ತಿರುಪಿನ ನೀರು, ಒಂದಕ್ಕೆ ಕೆಂಪಿನದು.
ಸಿಂಕಿನಿಂದ ದೂರ, ಬಾಲ್ಕನಿಗೆ ಒಯ್ದು
ಕಣ್ಣು ಮುಚ್ಚಿದೆ,
ತುಪ್ಪದವಳು ಬಂದಾಗ ಅತ್ತೆ
ಮುಂಗೈಗೆ ತಿಕ್ಕಿ ಮೂಸುತ್ತಿದ್ದ ಹಾಗೆ.
ಕೆಂಪಿನದು.

ಇಲ್ಲಿ ಜೂನ್ ಎಂದರೆ ಬಣ್ಣಗಳು ಅದಲುಬದಲು.
ನೀಲಿಯಲ್ಲಿ ತಾರಸಿಯ ಕುದಿ.
ಕೆಂಪಿನಲ್ಲಿ, ಸ್ವಿಚ್ಚು ಆರಿಸಿಟ್ಟ ಗೀಸರಿನೊಳಗೆ
ನೆರಳುಂಡ ತಣ್ಣೀರು.
ಬಂದ ಹೊಸತರಲ್ಲಿ ಕೈ ಸುಟ್ಟುಕೊಂಡು ಕಲಿತ ಜಾಣತನ;
ಈಗ ಅದೇ ಕೊಳೆತಿತ್ತು.

ಮೊಫಿಜುಲ್ ಬಂದ. ಒಂದು ಸ್ಪ್ಯಾನರು, ಒಂದು ಹಳೇ ಟವೆಲು.
ಗೀಸರಿನ ಹೊಟ್ಟೆಯಿಂದ ತಿರುಚಿ ತಿರುಚಿ ಎಳೆದದ್ದು
ಒಂದು ತಂತಿ, ಅಲ್ಲಲ್ಲಿ ಸುಣ್ಣದ ಗಂಟು.
"ಹಾಕುವಾಗ ಇದು ಹೆಬ್ಬೆರಳ ದಪ್ಪ, ಭಾಬಿ.
ತುಕ್ಕು ಮೊದಲು ಇದನ್ನೇ ತಿನ್ನಲಿ ಅಂತ ಒಳಗಿಡುವುದು.
ಟ್ಯಾಂಕು ಉಳೀತದೆ, ಇದು ಹೋಗ್ತದೆ."
ಎಷ್ಟು ವರ್ಷವಾಯಿತು ಎಂದು ಕೇಳಿದ.
ನನ್ನ ಗಂಡ ಗೋಡೆ ನೋಡುತ್ತ
ಗೀಸರಿನದಲ್ಲ, ತಾವು ಬಂದ ವರ್ಷ ಹೇಳಿದರು.
ತಿದ್ದಿಕೊಳ್ಳಲಿಲ್ಲ.
ನಾನೂ ತಿದ್ದಲಿಲ್ಲ.

ಹೊಸ ಸರಳು ಏಳು ರಿಯಾಲ್. ಚೌಕಾಸಿಗೆ ಆರು.
ಒಂದು ಬಕೆಟ್ ಕಂದು ಕೆಸರು ಹೊರಬಂತು.
ಇನ್ನು ಸ್ವಿಚ್ಚು ಹಾಕಿ ರಾತ್ರಿಯವರೆಗೆ ಕಾಯಿಸಿ ಎಂದ.
ನಲವತ್ತಾರು ಡಿಗ್ರಿಯ ಮಧ್ಯಾಹ್ನ
ಗೀಸರಿನ ಕೆಂಪು ದೀಪ ಕಾಯುತ್ತ
ನಾವಿಬ್ಬರೂ ಕೂತೆವು, ಹೆರಿಗೆ ವಾರ್ಡಿನ ಹೊರಗೆ ಕೂತವರಂತೆ,
ಎ.ಸಿ. ತೊಟ್ಟಿಕ್ಕುವ ಬಕೆಟ್ಟು ಕಾಲ ಬಳಿ.

ಮರುದಿನ ಲೋಕಯ್ಯನ ಫೋನು ಬರಲಿಲ್ಲ.
ಅಷ್ಟೇ ಸಾಕು.

ಸಂಜೆ ತೊಳೆದು ಬಂದ ಡಬ್ಬಿಗಳನ್ನು
ಬಿಡದ ಚಟದಿಂದ ಒಂದೊಂದಾಗಿ ಮೂಸಿದೆ:
ಒಂದಕ್ಕೆ ಹೊಲಿಗೆ ಯಂತ್ರದ ಎಣ್ಣೆ,
ಒಂದಕ್ಕೆ ಲವಂಗ,
ವೆಲ್ಡಿಂಗಿನವರದಕ್ಕೆ ಸುಟ್ಟ ಕಬ್ಬಿಣ.
ಅವರವರ ನಲ್ಲಿಯಲ್ಲಿ ಎಂಥ ನೀರೋ,
ಅದೊಂದು ಮಾತ್ರ ಗೊತ್ತಾಗಲಿಲ್ಲ.