ಗ್ಯಾಪ್

ಉಪ್ಪಳ್ಳಿಯ ಶೆಡ್ಡಿನಲ್ಲಿ ಇದಿನಬ್ಬ
ನನ್ನ ಅರವತ್ತೊಂಬತ್ತರ ಫಿಯೆಟ್ಟಿನ
ಡಿಸ್ಟ್ರಿಬ್ಯೂಟರ್ ಬಿಚ್ಚಿ, ಪಾಯಿಂಟ್ ಕಿತ್ತು
ಅಂಗೈಗಿಟ್ಟ.
ಉಗುರಿನಷ್ಟು ಲೋಹ. ಮಧ್ಯೆ ಸುಟ್ಟ ಕಲೆ.
ಎಷ್ಟು ಸಲ ಉಜ್ಜಿದ್ದಾನೋ ಅರದಲ್ಲಿ!

ಗ್ಯಾಪ್ ನೋಡಲು ಅವನಿಗೆ ಗೇಜು ಬೇಡ,
ಲಗ್ನಪತ್ರಿಕೆಯ ಒಂದು ತುಂಡು ಸಾಕು.
ನಮ್ಮದೇ ಪತ್ರಿಕೆ ಅದು. ಗ್ರೀಸಿನ ಕೆಳಗೆ
'ಚಿ. ಸೌ. ಮಂದಾಕಿ' ವರೆಗೆ
ಇನ್ನೂ ಓದಬಹುದು.

ಈಗ ಕಪ್ಪು ಡಬ್ಬಿ, ಎರಡು ತಂತಿ,
ಕೊಯಮತ್ತೂರಿಂದ ಬಂದದ್ದು, ನಾಲ್ಕೂಮುಕ್ಕಾಲು ಸಾವಿರ.
'ಪಿಕಪ್ ಏರ್ತದಾ?' ಅಂದೆ.
'ಗುಡ್ಡ ಹತ್ತಿಸಿ ನೋಡಿ' ಅಂದ.

ಹತ್ತಿಸಿದೆ. ಕೈಮರ ದಾಟಿ ಗಿರಿಯ ದಾರಿ,
ಮೂರನೇ ತಿರುವಿಗೆ ಅದೇ ಏದುಸಿರು, ಅದೇ ಎರಡನೇ ಗೇರು,
ಬೆನ್ನಿಗೆ ಹಾರ್ನ್ ಒತ್ತುವ ಅದೇ ಟೂರಿಸ್ಟ್ ಜೀಪು.
ಕುದುರೆ ಒಂದೂ ಹೆಚ್ಚಲಿಲ್ಲ ಸ್ವಾಮಿ;
ಇದ್ದವು ಕುಂಟುವುದು ಬಿಟ್ಟವು, ಅಷ್ಟೆ.

ಆದರೆ ಡಿಸೆಂಬರಿನ ಬೆಳಿಗ್ಗೆ ಆರಕ್ಕೆ
ಕೀಲಿ ಪೂರ್ತಿ ತಿರುಗುವ ಮೊದಲೇ
ಹತ್ತಿಕೊಂಡಿತು ಎಂಜಿನ್.
ಮಂದಾಕಿನಿ ಎಂದಿನಂತೆ ಸೆರಗು ಸಿಕ್ಕಿಸಿ
ತಳ್ಳಲು ಡಿಕ್ಕಿಗೆ ಎರಡೂ ಕೈ ಕೊಟ್ಟವಳು
ಹಾಗೇ ನಿಂತಳು
ಸೈಲೆನ್ಸರಿನ ಹೊಗೆಯಲ್ಲಿ.
ಆಮೇಲೆ ಮುಂದೆ ಬಂದು ಕೂತು
ಬಾಗಿಲು ಜೋರಾಗಿ ಎಳೆದುಕೊಂಡು
'ಇನ್ನು ನನಗೇನು ಕೆಲಸ?' ಅಂದಳು.

ಹಳೇ ಪಾಯಿಂಟ್ ಡ್ಯಾಶ್‌ಬೋರ್ಡಿನ ಗೂಡಲ್ಲಿದೆ.
ಡಬ್ಬಿ ಸುಟ್ಟರೆ ಉಜ್ಜಿ ಸರಿಮಾಡಲಾಗದು,
ಇದಿನಬ್ಬನ ಮಾತು.
ಪತ್ರಿಕೆಯ ತುಂಡು ಮಾತ್ರ ಅವನು ಕೊಡಲಿಲ್ಲ.
ಬೇರೆ ಗಾಡಿಗಳಿವೆಯಂತೆ.